ಮೀನಖಂಡ ತಿಕ್ಕುವ ಕೈಗೊಂದು ಅನುಮಾನ

ಬೆಳಗಿನ ಐದೂಕಾಲು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯಾಚೆಗಿನ ಮೈದಾನಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾವಂತ್ರವ್ವ ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಸೊಂಟ ಬಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತ ಓಟದ ಗೆರೆ ಎಳೆಯುತ್ತಿದ್ದಾರೆ. ನಾನೂರು ಮೀಟರಿನ ಸುತ್ತಿಗೆ ಎರಡು ಬುಟ್ಟಿ ಸುಣ್ಣ ಬೇಕು, ಒಂದು ತಾಸು ಬೇಕು. ತಿರುವು ಬಂದಾಗ ಒಮ್ಮೆ ನಿಂತು ಕಣ್ಣಲ್ಲೇ ಅಳೆಯುತ್ತಾರೆ. ಗೆರೆ ಎಲ್ಲಿಯೂ ಸೊಟ್ಟಗಾಗುವುದಿಲ್ಲ.

ಆರೂಕಾಲಿಗೆ ತಿಕೋಟಾ, ಬಬಲೇಶ್ವರ ಕಡೆಯ ಮೊದಲ ಬಸ್ಸುಗಳಿಂದ ಇಳಿದ ಹುಡುಗಿಯರು ಮೈದಾನ ಸೇರುತ್ತಾರೆ. ಪೊಲೀಸ್ ಭರ್ತಿಗೆ, ಅರಣ್ಯ ಇಲಾಖೆಗೆ ಅಂತ ಓಡುವವರು. ಮೂವತ್ತು ನಲವತ್ತು ಮಂದಿ. ಓಟ ಮುಗಿದ ಮೇಲೆ ಅವರಲ್ಲಿ ಹತ್ತು ಹನ್ನೆರಡು ಮಂದಿ ಬೇವಿನ ಗಿಡದ ಬುಡಕ್ಕೆ ಬಂದು, ಪ್ಯಾಂಟು ಮೊಣಕಾಲಿಗೇರಿಸಿ ಗೋಣಿಚೀಲದ ಮೇಲೆ ಬೋರಲು ಮಲಗುತ್ತಾರೆ. ಸಾವಂತ್ರವ್ವ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಾರೆ. ಎಣ್ಣೆಯ ಬಾಟಲಿಯನ್ನು ಕೂಡಲೇ ಮುಟ್ಟುವುದಿಲ್ಲ. ಮೊದಲು ಕೇಳುತ್ತಾರೆ. ನೋವು ಮೆಲ್ಲಗೆ ಬಂತೋ, ಒಮ್ಮೆಲೇ ಬಂತೋ? ಒಂದೇ ಕಾಲೋ, ಎರಡೂ ಕಾಲೋ? ತುದಿಗಾಲಿನ ಮೇಲೆ ನಿಲ್ಲಲು ಬರುತ್ತದೋ?

ಹೋದ ವರ್ಷದವರೆಗೆ ಅವರು ಇದೇನನ್ನೂ ಕೇಳುತ್ತಿರಲಿಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು ಶುರು ಮಾಡಿಬಿಡುತ್ತಿದ್ದರು.

"ಆಗ ಎಲ್ಲಾ ಗೊತ್ತಿತ್ರಿ ನನಗ," ಎನ್ನುತ್ತಾರೆ ಐವತ್ತಾರರ ಸಾವಂತ್ರವ್ವ. "ಈಗ ಒಂದೊಂದ ಕಾಲು ನೋಡಿದ್ರೂ ಇದು ಯಾವ ನೋವು ಅಂತ ವಿಚಾರ ಮಾಡ್ಕೋತ ಕುಂಡ್ರತೇನಿ."

ಅವರ ತಾಯಿ ರಾಚವ್ವ ತಿಕೋಟಾದಲ್ಲಿ ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ಹಚ್ಚಿ ಎರೆಯುತ್ತಿದ್ದರು. ಹತ್ತು ವರ್ಷದ ಮಗಳು ಬೆನ್ನ ಹಿಂದೆ ಹೋಗಿ, ನೋಡಿ ನೋಡಿಯೇ ಕಲಿತಳು. ಮದುವೆಯಾಗಿ ಇಬ್ರಾಹಿಂಪುರಕ್ಕೆ ಬಂದ ಮೇಲೆ ಆ ಕೈ ಗಂಡನ ಕಾಲಿಗೆ ಒದಗಿತು. ಗಂಡ ಅಂಬಾದಾಸ ಗಾಂಧಿ ಚೌಕದ ಸಗಟು ಅಂಗಡಿಗಳಲ್ಲಿ ಹಮಾಲಿ. ದಿನವಿಡೀ ಚೀಲ ಹೊತ್ತ ಅವರ ಮೀನಖಂಡಗಳು ಸಂಜೆಗೆ ಕಲ್ಲಾಗಿರುತ್ತಿದ್ದವು. ಸಾವಂತ್ರವ್ವ ದಿನಾ ತಿಕ್ಕಿ ಸಡಿಲಿಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಚೀಲದ ಸಮೇತ ಜಾರಿಬಿದ್ದು ಅಂಬಾದಾಸರ ಸೊಂಟ ಹೋಯಿತು. ಅವರು ಮನೆ ಹಿಡಿದರು. ಸಾವಂತ್ರವ್ವ ಮೈದಾನ ಗುಡಿಸುವ, ಗೆರೆ ಎಳೆಯುವ ಕೆಲಸಕ್ಕೆ ಸೇರಿದರು.

ಓಡುವ ಹುಡುಗರ ಕಾಲು ನೋಡಲು ಅಲ್ಲಿ ಇಬ್ಬರು ಮೂವರು ಗಂಡಸರಿದ್ದರು. ಹುಡುಗಿಯರ ಕಾಲಿಗೆ ಯಾರೂ ಇರಲಿಲ್ಲ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಬಲೇಶ್ವರದ ವಿಜಯಲಕ್ಷ್ಮೀ ಎಂಬ ಹುಡುಗಿ ಮೀನಖಂಡ ಹಿಡಿದುಕೊಂಡು ಅಳುತ್ತ ಕೂತಿದ್ದಳು. ಸಾವಂತ್ರವ್ವ ಮನೆಗೆ ಹೋಗಿ, ಕುಸುಬಿ ಎಣ್ಣೆಗೆ ಅಜವಾನ, ಬಳ್ಳೊಳ್ಳಿ ಹಾಕಿ ಕಾಯಿಸಿ ತಂದು ತಿಕ್ಕಿದರು. ಅವಳನ್ನು ನೋಡಿ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ವಿಜಯಲಕ್ಷ್ಮೀ ಎರಡು ವಾರ ದಿನಾ ತಿಕ್ಕಿಸಿಕೊಂಡಳು. ಆಮೇಲೆ ಮೈದಾನಕ್ಕೆ ಬರುವುದನ್ನೇ ಬಿಟ್ಟಳು. ಹುಡುಗಿಯರು ಬರುತ್ತಾರೆ, ಹೋಗುತ್ತಾರೆ ಅಂದುಕೊಂಡು ಸಾವಂತ್ರವ್ವ ಅದನ್ನು ಮರೆತೂಬಿಟ್ಟರು.

ಮರೆತದ್ದನ್ನು ನೆನಪಿಸಿದವಳು ಮೇಘಾ. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಗಲೆಲ್ಲ ನಿಂತು ಹಣ್ಣು ಆರಿಸುವ ಹುಡುಗಿ. ಹೋದ ವರ್ಷ ಪೊಲೀಸ್ ಭರ್ತಿಯ ಲಿಖಿತ ಪರೀಕ್ಷೆ ಪಾಸಾಗಿದ್ದಳು. ದೈಹಿಕ ಪರೀಕ್ಷೆಯ ಕರೆಪತ್ರ ಬಂದದ್ದೇ ತಡ, ನಾಲ್ಕು ಸುತ್ತು ಓಡುವವಳು ಹತ್ತು ಸುತ್ತು ಓಡತೊಡಗಿದಳು. ಬಸ್ಸಿಳಿದವಳೇ ಓಟಕ್ಕೆ ನಿಲ್ಲುವಳು. ಮೈ ಬಿಸಿ ಮಾಡಿಕೊಳ್ಳುವ ಪುರುಸೊತ್ತೂ ಇಲ್ಲ. ಪರೀಕ್ಷೆಗೆ ಮೂವತ್ತೊಂದು ದಿನ ಉಳಿದಿದ್ದಾಗ, ಓಡುತ್ತಿದ್ದವಳು ಫಕ್ಕನೆ ನಿಂತು ಹಿಂದಕ್ಕೆ ತಿರುಗಿ ನೋಡಿದಳು. ಬಲಗಾಲಿನ ಮೀನಖಂಡಕ್ಕೆ ಯಾರೋ ಕಲ್ಲು ಬೀಸಿ ಹೊಡೆದ ಹಾಗಾಗಿತ್ತು. ಹಿಂದೆ ಯಾರೂ ಇರಲಿಲ್ಲ. ಸಾವಂತ್ರವ್ವ ಓಡಿಬಂದು ಗೆರೆಯ ಅಕ್ಕಪಕ್ಕ ಕಲ್ಲು ಹುಡುಕಿದರು. ಕಲ್ಲೂ ಇರಲಿಲ್ಲ.

ಕುಂಟುತ್ತ ಬಂದವಳನ್ನು ಮಲಗಿಸಿ, ಬಿಸಿ ಎಣ್ಣೆ ಹಾಕಿ ಅರ್ಧ ತಾಸು ಬಲವಾಗಿ ತಿಕ್ಕಿದರು. ಮೇಘಾ ಹಲ್ಲು ಕಚ್ಚಿ ತಡೆದುಕೊಂಡಳು. ಮರುದಿನ ಅವಳ ಮೀನಖಂಡ ಬಾತಿತ್ತು, ನೀಲಿ ಕಲೆ ಹಿಮ್ಮಡಿಯ ತನಕ ಇಳಿದಿತ್ತು.

ಸಾವಂತ್ರವ್ವನಿಗೆ ದಿಕ್ಕು ತೋಚಲಿಲ್ಲ. ಅದೇ ಎಣ್ಣೆ, ಅದೇ ಕೈ. ಹಿಂದಿನ ವಾರವಷ್ಟೇ ಪೂನಮ ಎಂಬ ಹುಡುಗಿಯ ಎರಡೂ ಕಾಲು ಹಿಡಿದಿದ್ದವು. ತಿಕ್ಕಿಸಿಕೊಂಡು ಮರುದಿನವೇ ಓಡಿದ್ದಳು. ಮೇಘಾಳ ತಾಯಿ ಉಪ್ಪುನೀರಿನ ಶಾಖ ಕೊಡಬೇಕೆಂದರು. ಗಾಂಧಿ ಚೌಕದ ಔಷಧಿ ಅಂಗಡಿಯವ ತಣ್ಣಗಿನ ಸ್ಪ್ರೇ ಹೊಡೆದು ಓಡು ಅಂದ. ಜೊತೆಯ ಹುಡುಗಿಯರು ಮೊಬೈಲಿನಲ್ಲಿ ನೋಡಿ, ಕಾಲು ಜಗ್ಗಿ ಹಿಡಿಯಬೇಕೆಂದರು. ಇನ್ನೊಂದರಲ್ಲಿ ನೋಡಿ, ಜಗ್ಗಲೇಬಾರದೆಂದರು. ಕೊನೆಗೆ ಸಾವಂತ್ರವ್ವ ಹುಡುಗಿಯನ್ನು ಆಟೋದಲ್ಲಿ ಕೂಡಿಸಿಕೊಂಡು, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವ ಸಂಘಮಿತ್ರಾ ಅವರ ಬಳಿಗೆ ಹೋದರು.

ಸಂಘಮಿತ್ರಾ ಕಾಲು ಒತ್ತಿ ನೋಡಿ, ಸ್ನಾಯು ಸ್ವಲ್ಪ ಹರಿದಿದೆ ಎಂದರು. ಮೊದಲ ಎರಡು ಮೂರು ದಿನ ಶಾಖ ಬೇಡ, ತಿಕ್ಕುವುದು ಬೇಡ. ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಹತ್ತು ಹದಿನೈದು ನಿಮಿಷ ಇಡಬೇಕು, ಪಟ್ಟಿ ಕಟ್ಟಬೇಕು, ಕಾಲು ದಿಂಬಿನ ಮೇಲೆ ಎತ್ತಿಟ್ಟು ಮಲಗಬೇಕು. ಸಾವಂತ್ರವ್ವ ಬಾಗಿಲ ಹತ್ತಿರವೇ ನಿಂತು ಕೇಳುತ್ತಿದ್ದರು. ಕಡೆಗೆ, ತಾನು ತಿಕ್ಕಿದ್ದಕ್ಕೇ ಹೀಗಾಯಿತೇ ಎಂದು ಕೇಳಿಯೇಬಿಟ್ಟರು.

"ಅದು ಮೊದಲ ಹರದಿತ್ರಿ, ಅವ್ವಾರ," ಎಂದರು ಸಂಘಮಿತ್ರಾ. "ತಿಕ್ಕಿದ್ದಕ್ಕ ಬಾವು ಹೆಚ್ಚಾಗಿರಬಹುದು. ಎಷ್ಟು ಅಂತ ನಂಗೂ ಹೇಳಾಕ ಬರೂದಿಲ್ಲ."

ಆ ಉತ್ತರ ಸಾವಂತ್ರವ್ವನನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿತು. ತಪ್ಪು ಎಂದಿದ್ದರೆ ಎಣ್ಣೆಯ ಬಾಟಲಿ ಎಸೆದುಬಿಡುತ್ತಿದ್ದರು. ಸರಿ ಎಂದಿದ್ದರೆ ನಿದ್ದೆ ಮಾಡುತ್ತಿದ್ದರು. ಮೂರು ದಿನ ಬೇವಿನ ಗಿಡದ ಬುಡಕ್ಕೆ ಹೋಗಲೇ ಇಲ್ಲ. ನಾಲ್ಕನೆಯ ದಿನ ಒಬ್ಬರೇ ಕ್ಲಿನಿಕ್ಕಿಗೆ ಹೋಗಿ ಕೂತರು. ಎಲ್ಲ ನೋವೂ ಒಂದಲ್ಲ ಎಂಬುದನ್ನು ಸಂಘಮಿತ್ರಾ ಬಿಡಿಸಿ ಹೇಳಿದರು. ಓಡಿದ ಮರುದಿನ ಎರಡೂ ಕಾಲು ಬಿಗಿದು ಕ್ರಮೇಣ ಸಡಿಲಾಗುವುದು ದಣಿವಿನ ನೋವು, ಅದಕ್ಕೆ ಮೆಲ್ಲಗೆ ತಿಕ್ಕಿದರೆ ಹಿತ. ಒಮ್ಮೆಲೇ ಗಂಟು ಕಟ್ಟಿ ಎಳೆದುಕೊಳ್ಳುವುದು ಬೇರೆ. ಕಾಲ್ಬೆರಳನ್ನು ಮೊಣಕಾಲಿನ ಕಡೆ ಜಗ್ಗಿ ಹಿಡಿದರೆ ಬಿಡುತ್ತದೆ. ಕಲ್ಲು ಹೊಡೆದಂತೆ ಬಂದದ್ದಕ್ಕೆ ಕೈ ಹಚ್ಚಕೂಡದು. ಓಡದಿದ್ದರೂ ಒಂದೇ ಕಾಲು ಬಾತು ಬಿಸಿಯಾಗಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಓದುಬರಹ ಬಾರದ ಸಾವಂತ್ರವ್ವ ಇದನ್ನೆಲ್ಲ ಬೆರಳಿನ ಮೇಲೆ ಎಣಿಸಿಕೊಂಡು ಮನೆಗೆ ಬಂದರು. ಅರ್ಧ ದಾರಿಯಲ್ಲಿ ಎರಡನೆಯದೂ ಮೂರನೆಯದೂ ಕಲಸಿಹೋದವು. ಮತ್ತೆ ತಿರುಗಿ ಹೋಗಿ ಕೇಳಿಕೊಂಡು ಬಂದರು.

ಹನ್ನೆರಡನೆಯ ದಿನ ಮೇಘಾ ಮೈದಾನಕ್ಕೆ ಬಂದಳು. ನೋವೇ ಇಲ್ಲ, ಓಡುತ್ತೇನೆ ಎಂದಳು. ಒಂಟಿಗಾಲಿನಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಿಳಿಸಲು ಬರುವವರೆಗೆ ಓಡಕೂಡದು ಎಂದು ಸಂಘಮಿತ್ರಾ ಹೇಳಿದ್ದರು. ಸಾವಂತ್ರವ್ವ ಎಣಿಸುತ್ತ ನಿಂತರು. ಹನ್ನೊಂದಕ್ಕೆ ಹುಡುಗಿಯ ಮುಖ ಕಿವುಚಿತು. ಬೇಡ ಎಂದರು.

"ಮೊದಲ ನೀವ ತಿಕ್ಕಿ ಕೆಡಿಸಿದ್ರಿ ಆಯಿ," ಎಂದಳು ಮೇಘಾ. "ಈಗ ನೀವ ಓಡಬ್ಯಾಡ ಅಂತೀರಿ."

ಅವಳು ಹೊರಟುಹೋದಳು. ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನದಲ್ಲೇ ಸಾವಂತ್ರವ್ವನಿಗೆ ಆರು ವರ್ಷದ ಹಿಂದಿನ ವಿಜಯಲಕ್ಷ್ಮೀ ನೆನಪಾದಳು. ಅವಳ ನೋವು ಯಾವುದಿತ್ತು? ಎರಡು ವಾರ ತಿಕ್ಕಿ ತಿಕ್ಕಿ ಆ ಹುಡುಗಿಯ ಓಟವನ್ನೇ ನಿಲ್ಲಿಸಿದೆನೇ? ಭಾನುವಾರ ಗಂಡನಿಗೆ ಹೇಳಿ ಬಬಲೇಶ್ವರದ ಬಸ್ಸು ಹತ್ತಿದರು. ನಾಲ್ಕು ಮನೆ ವಿಚಾರಿಸಿದ ಮೇಲೆ ವಿಜಯಲಕ್ಷ್ಮೀ ಸಿಕ್ಕಳು. ಈಗ ಮನೆಯ ಮುಂಭಾಗದಲ್ಲೇ ಬಟ್ಟೆ ಅಂಗಡಿ, ಎರಡು ವರ್ಷದ ಮಗಳು. ಯಾರೋ ಕೇಳಿದ ಸೀರೆ ತೆಗೆಯಲು ಅವಳು ಸ್ಟೂಲು ಹತ್ತಿದಾಗ ಸಾವಂತ್ರವ್ವ ಸೀರೆ ನೋಡಲಿಲ್ಲ, ಅವಳ ತುದಿಗಾಲು ನೋಡಿದರು. ಹುಡುಗಿ ಚೆನ್ನಾಗಿಯೇ ನಿಂತಿದ್ದಳು.

ಗಿರಾಕಿ ಹೋದ ಮೇಲೆ ಬಂದ ವಿಷಯ ಹೇಳಿದರು. ವಿಜಯಲಕ್ಷ್ಮೀ ಹರವಿದ ಸೀರೆಗಳನ್ನು ಮಡಿಚತೊಡಗಿದಳು.

"ಕಾಲ ನೋವಿಗೆ ಬಿಟ್ಟೆನೋ, ಮನ್ಯಾಗ ಲಗ್ನದ ಮಾತು ತಗದ್ರಂತ ಬಿಟ್ಟೆನೋ, ಖರೇನ ನೆಪ್ಪಿಲ್ಲ ಆಯಿ," ಎಂದಳು. "ನೋವು ಭಾಳ ದಿನ ಇತ್ತು. ಆದ್ರ ನೀವು ಕಾಲು ಹಿಡದಿದ್ದು ನೆಪ್ಪೈತಿ. ಅಲ್ಲೀತನಕ ನನ್ನ ಕಾಲು ಯಾರೂ ಹಂಗ ಹಿಡದಿದ್ದಿಲ್ಲ."

ಚಹಾ ಕುಡಿಸಿ, ಮಗಳನ್ನು ಸಾವಂತ್ರವ್ವನ ತೊಡೆಯ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಕಳಿಸಿಕೊಟ್ಟಳು. ಬಸ್ಸಿನ ತುಂಬ ಸಾವಂತ್ರವ್ವ ಆ ಮಾತನ್ನು ತಿರುವಿ ಹಾಕಿದರು. ಮನಸ್ಸು ಹಗುರಾಯಿತೋ ಭಾರವಾಯಿತೋ ಅವರಿಗೆ ಇಂದಿಗೂ ಹೇಳಲು ಬರುವುದಿಲ್ಲ.

ಮರುದಿನ ಮೇಘಾ ಬಂದು ಬೇವಿನ ಗಿಡದ ಕೆಳಗೆ ಕೂತಳು. ತಿಕೋಟಾದ ರಸ್ತೆಯಲ್ಲಿ ಒಬ್ಬಳೇ ಓಡಲು ಹೋಗಿ, ಐವತ್ತು ಹೆಜ್ಜೆಗೆ ಕಾಲು ಚುಳುಕ್ ಎಂದು ಹೆದರಿ ನಿಂತಿದ್ದಳು. ಸಾವಂತ್ರವ್ವ ಹಿಂದಿನ ಮಾತೆತ್ತಲಿಲ್ಲ. ಹಿಮ್ಮಡಿ ಎತ್ತು ಎಂದು ಎಣಿಸತೊಡಗಿದರು. ಆವತ್ತು ಹದಿಮೂರು. ಅಂದಿನಿಂದ ಮೇಘಾ ಶೆಡ್ಡಿನಲ್ಲಿ ಹಣ್ಣು ಆರಿಸುತ್ತ ನಿಂತಲ್ಲೇ ಹಿಮ್ಮಡಿ ಎತ್ತಿಳಿಸಿದಳು. ಮೊದಲು ನಡಿಗೆ, ಆಮೇಲೆ ನೂರು ಹೆಜ್ಜೆ ನಿಧಾನದ ಓಟ, ಮತ್ತೆ ನಡಿಗೆ. ಇಪ್ಪತ್ತು ಮುಟ್ಟಿದ್ದು ಪರೀಕ್ಷೆಗೆ ಎಂಟು ದಿನ ಇರುವಾಗ. ಮೊದಲಿಗಳಾಗಿ ಬರಬೇಕಾಗಿಲ್ಲ, ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಿದರೆ ಸಾಕು ಎಂದು ಸಂಘಮಿತ್ರಾ ಹೇಳಿ ಕಳಿಸಿದರು.

ಪರೀಕ್ಷೆಯ ದಿನ ಸಾವಂತ್ರವ್ವ ಅಂಬಾದಾಸರ ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಹನ್ನೊಂದು ಗಂಟೆಗೆ ಅದು ಬಡಿದುಕೊಂಡಿತು. ಒಂದು ನಿಮಿಷ ನಲವತ್ತೆಂಟು ಸೆಕೆಂಡು ಎಂದಳು ಮೇಘಾ. ಸಾವಂತ್ರವ್ವನಿಗೆ ಅದು ಹೆಚ್ಚೋ ಕಡಿಮೆಯೋ ಕೂಡಲೇ ಹೊಳೆಯಲಿಲ್ಲ. ಕಾಲು ಹೆಂಗೈತಿ ಎಂದಷ್ಟೇ ಕೇಳಿದರು. ಕಾಲು ಚೆನ್ನಾಗಿತ್ತು.

ಆಯ್ಕೆಪಟ್ಟಿ ಇನ್ನೂ ಬಂದಿಲ್ಲ. ಮೇಘಾ ಈಗ ಬಂದರೆ ಹೊಸ ಹುಡುಗಿಯರನ್ನು ಐದು ನಿಮಿಷ ನಡೆಸಿ, ಹಿಮ್ಮಡಿ ಎತ್ತಿಸಿ, ಆಮೇಲೆ ಓಟಕ್ಕೆ ಬಿಡುತ್ತಾಳೆ. ಒಮ್ಮೆಲೇ ಸುತ್ತು ಹೆಚ್ಚಿಸುವವರನ್ನು ಬೈಯುತ್ತಾಳೆ. ಸಾವಂತ್ರವ್ವ ದಿನಾ ಒಬ್ಬರನ್ನಾದರೂ ಕೈ ಹಚ್ಚದೆ ಕ್ಲಿನಿಕ್ಕಿಗೆ ಕಳಿಸುತ್ತಾರೆ. ಕಳಿಸಿದ ಮೇಲೂ, ಇದು ಬರೀ ದಣಿವಿನ ನೋವಿತ್ತೇನೋ ಎಂಬ ಅನುಮಾನ ಅವರನ್ನು ಬಿಡುವುದಿಲ್ಲ.

ಪ್ರತಿ ಗುರುವಾರ ಮಧ್ಯಾಹ್ನ ತಮ್ಮ ಕ್ಲಿನಿಕ್ಕಿಗೆ ಬಂದು ಕಲಿಯಬಹುದೆಂದು ಸಂಘಮಿತ್ರಾ ಒಪ್ಪಿದ್ದಾರೆ. ಮುಂದಿನ ವಾರದಿಂದ ಶುರು. ಅದಕ್ಕಾಗಿ ಸಾವಂತ್ರವ್ವ ಹೊಸ ಟವೆಲ್ಲೊಂದನ್ನು ಒಗೆದು ಮಡಿಚಿಟ್ಟಿದ್ದಾರೆ.

"ಏನೂ ತಿಳೀಲಾರದ ಇಷ್ಟು ವರ್ಷ ಕಾಲು ಹಿಡದೇನ್ರಿ," ಎನ್ನುತ್ತಾರೆ. "ತಿಳಕೊಂಡು ಹಿಡಿದ್ರ ಹೆಂಗಿರತೈತಿ, ಅದೊಂದ ನೋಡಬೇಕು ಅಂತ ಆಸೆ."