ಪ್ರೇಮಲತಾ ಮೇಡಂ ಅವರ ನೀಲಿ ಗಾಜು

ಹರಿಹರದಿಂದ ಬಸ್ಸಿನಲ್ಲಿ ಬಂದು ದಾವಣಗೆರೆಯ ಕಾಲೇಜಿನ ಲ್ಯಾಬಿಗೆ ಕಾಲಿಟ್ಟೊಡನೆ ಕೆಮಿಸ್ಟ್ರಿಯ ಪ್ರೇಮಲತಾ ಮೇಡಂ ಮಕ್ಕಳ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. "ಮಂಡಕ್ಕಿ ತಿಂದೋರೆಲ್ಲ ಕೈ ತೊಳ್ಕಂಡ್ ಬರ್ರಿ!" ಲವಣವನ್ನು ತಂತಿಯ ತುದಿಗೆ ಹಚ್ಚಿ ಉರಿಗೆ ಹಿಡಿದರೆ ಬಣ್ಣದಿಂದಲೇ ಲೋಹ ಯಾವುದೆಂದು ತಿಳಿಯಬೇಕು, ಮಂಡಕ್ಕಿಯ ಉಪ್ಪು ತಗುಲಿತೋ, ಎಲ್ಲವೂ ಸೋಡಿಯಂನ ಹಳದಿಯೇ. ಮೇಡಂಗೆ ಲೋಹಗಳೆಲ್ಲ ಬೀಗರಿದ್ದಂತೆ: ತಾಮ್ರ ಹಸಿರು ಸೀರೆಯ ಸೊಸೆ, ಕ್ಯಾಲ್ಸಿಯಂ ಸಿಟ್ಟಿಗೆ ಕೆಂಪಾದ ಮಾವ, ಸೋಡಿಯಂ ಯಾರಿಗೂ ಮಾತಾಡಲು ಬಿಡದ ಬಾಯಿಬಡುಕ. ಮನೆಯಲ್ಲಿ ಸಾರು ಉಕ್ಕಿ ಗ್ಯಾಸಿನ ಉರಿ ಹಳದಿಯಾದರೂ "ಬಂದ್ನಲ್ಲ ಸೋಡಿಯಪ್ಪ!" ಎಂದು ಹಿಗ್ಗುತ್ತಾರೆ. ಅವನ ಬಾಯಿ ಮುಚ್ಚಿಸಲು ಅವರ ಪರ್ಸಿನಲ್ಲಿ ಸದಾ ಒಂದು ನೀಲಿ ಗಾಜಿರುತ್ತದೆ. ಅದರ ಮೂಲಕ ನೋಡಿದರೆ ಹಳದಿ ಅಡಗಿ, ಹಿಂದೆ ಅವಿತಿದ್ದ ಪೊಟ್ಯಾಸಿಯಂನ ತಿಳಿನೇರಳೆ ಕಾಣುತ್ತದೆ. ಮೊನ್ನೆ ಒಂದು ಲವಣದ ಹಳದಿ ಉರಿ ನೋಡಿ ಮುಂದಿನ ಸಾಲಿನವರು "ಸೋಡಿಯಂ ಮೇಡಂ, ಸೋಡಿಯಂ!" ಎಂದು ಕೂಗುತ್ತಿದ್ದಾಗ, ಮೇಡಂ ಗಾಜನ್ನು ಅವರ ತಲೆ ಮೇಲಿಂದ ದಾಟಿಸಿ, ವರ್ಷವಿಡೀ ತುಟಿ ಬಿಚ್ಚದೆ ಹಿಂದೆ ನಿಲ್ಲುವ ಲೋಕಿಕೆರೆಯ ಶಾಂತಲಾಳಿಗೆ ಕಳಿಸಿದರು. "ನಿಂಗೇನ್ ಕಾಣ್ತೈತವ್ವ?" ಶಾಂತಲಾ ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಲ್ಯಾಬೆಲ್ಲ ಕೇಳುವಂತೆ "ನೇರಳೆ ಐತ್ರಿ ಮೇಡಂ!" ಎಂದಳು. ಆ ಲವಣಕ್ಕೆ ಪೊಟ್ಯಾಸಿಯಂನದನ್ನು ಬೆಳಿಗ್ಗೆ ತಾವೇ ಬೆರೆಸಿಟ್ಟಿದ್ದ ಮೇಡಂ, "ಹೌದೇನವ್ವ? ಎಲ್ಲಿ, ಎಲ್ಲಿ?" ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.