ನಡುಕ ಮರಳಿತು

ದೋಣಿ ರಿಪೇರಿಯ ಸಿಡುಕಜ್ಜ ನೀರಿಗಿಳಿಯುವಾಗಲೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲೇಬೇಕು; ಇನ್ನೊಂದು ತುದಿ ಹೆಂಡತಿಯ ಮಣಿಕಟ್ಟಿಗೆ. "ಮದ್ವೆ ಆದಾಗಿಂದ ಕಟ್ಟಿಹಾಕಿದಾಳೆ" ಎಂದು ಗೊಣಗುತ್ತಾನೆ.

ಆ ಬೆಳಿಗ್ಗೆ ಅಬ್ಬರದ ಅಲೆಗಳಾಚೆ ಕಯಾಕ್ ಎಂಬ ಕಿರುದೋಣಿಯೊಂದು ದಿಕ್ಕುಗೆಟ್ಟು ತೇಲುತ್ತಿತ್ತು. ಅದರಲ್ಲಿದ್ದ ಹುಡುಗಿಗೆ ಚಳಿಯಿಂದ ಹುಟ್ಟು ಹಿಡಿಯುವ ಶಕ್ತಿಯೂ ಉಳಿದಿರಲಿಲ್ಲ. ಅಜ್ಜ ಈಜಿಹೋಗಿ ಕಯಾಕಿನ ಹಿಂಬದಿಗೆ ಜೋತುಬಿದ್ದ. ದೊಡ್ಡ ಅಲೆ ಬಂದಾಗಲೆಲ್ಲ ಕಯಾಕನ್ನು ತಡೆದು ನಿಲ್ಲಿಸಿದ, ಅದು ದಾಟಿದೊಡನೆ ಅದರ ಬೆನ್ನಿಗೇ ದಡದತ್ತ ನೂಕಿದ. ಅಜ್ಜಿ ಹಗ್ಗ ಎಳೆದಳು.

ದೋಣಿ ಷೆಡ್ಡಿನಲ್ಲಿ ಹುಡುಗಿ ಅಲುಗಾಡದೆ ಮಲಗಿದ್ದಳು. "ನಡುಕ ನಿಂತಿದೆ, ಬಚಾವಾದ್ಲು" ಎನ್ನುತ್ತ ಮೀನಿನ ವ್ಯಾಪಾರಿ ಅವಳ ಕೈ ಉಜ್ಜಲು ಬಂದ.

"ಉಜ್ಜಬೇಡ! ನಡುಕ ನಿಂತ್ರೇನೇ ಗಂಡಾಂತರ! ಮೈ ಬಿಸಿ ಮಾಡ್ಕೊಳ್ಳೋ ಶಕ್ತೀನೂ ಹೋಗಿದೆ ಅಂತ ಅರ್ಥ!" ಅಜ್ಜ ಗುಡುಗಿದ.

ಗಂಡಸರನ್ನೆಲ್ಲ ಆಚೆ ತಿರುಗಿಸಿ ಅಜ್ಜಿ ಒದ್ದೆ ಬಟ್ಟೆ ತೆಗೆದಳು. ಕಂಬಳಿ ಸುತ್ತಿ ಹುಡುಗಿಯನ್ನು ಎದೆಗವಚಿಕೊಂಡಳು. ಆಂಬುಲೆನ್ಸ್ ಬರುವಷ್ಟರಲ್ಲಿ ಹುಡುಗಿಯ ಹಲ್ಲು ಕಟಕಟ ಎನ್ನತೊಡಗಿತು.

"ತಾತ, ನಡುಕ ನಿಲ್ತಾನೇ ಇಲ್ಲ."

"ನಡುಗವ್ವಾ, ಚೆನ್ನಾಗಿ ನಡುಗು!" ಸಿಡುಕಜ್ಜನಿಗೆ ನಗು, ಅಳು ಒಟ್ಟಿಗೇ ಬಂತು. ಯಾರಿಗೂ ಕಾಣದಂತೆ ಹೊರಗೆ ಹೋಗಿ ಕಣ್ಣೊರೆಸಿಕೊಳ್ಳೋಣವೆಂದು ಎದ್ದರೆ ಸೊಂಟ ಜಗ್ಗಿತು. ಅಜ್ಜಿ ಇನ್ನೂ ಹಗ್ಗ ಬಿಚ್ಚಿರಲಿಲ್ಲ.