ಹೆಮ್ಮರಗಾಲದ ಬರೀ ಹೊಟ್ಟೆ

ಎಂಬಿಬಿಎಸ್ ಎರಡನೇ ವರ್ಷದ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಗೆಳತಿಯರೆಲ್ಲ ಊಟಿ, ಕೊಡೈಕೆನಾಲ್ ಅಂತ ಹೊರಟರೆ ನಾನು ಗ್ಲೂಕೋಮೀಟರ್ ಹಿಡಿದು ನಂಜನಗೂಡಿನ ಹತ್ತಿರದ ಹಳ್ಳಿ ಹೆಮ್ಮರಗಾಲಕ್ಕೆ ಹೊರಟೆ. ವೈದ್ಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ತರಬೇತಿ ಅಂತೊಂದಿತ್ತು. ಒಂದು ಪ್ರಶ್ನೆ ಆರಿಸಿಕೊಂಡು, ಒಬ್ಬ ಪ್ರೊಫೆಸರರ ಕೈಕೆಳಗೆ ದುಡಿದು, ಕೊನೆಗೆ ವರದಿ ಒಪ್ಪಿಸಬೇಕು. ಹಳ್ಳಿಯಲ್ಲಿ ನಲವತ್ತು ದಾಟಿದ ಎಷ್ಟು ಜನಕ್ಕೆ ಗೊತ್ತಿಲ್ಲದೆಯೇ ಸಕ್ಕರೆ ಕಾಯಿಲೆ ಇದೆ ಎನ್ನುವುದು ನನ್ನ ಪ್ರಶ್ನೆ. ನನ್ನ ಮನೆ ಇದ್ದದ್ದು ತಿ. ನರಸೀಪುರದಲ್ಲಿ. ಅಲ್ಲಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಜನ ತಿಂಡಿ ತಿಂದು ಹೊಲಕ್ಕೆ ಹೋಗಿರುತ್ತಾರೆಂದು, ಊರಿನ ನರ್ಸಮ್ಮ ನನ್ನನ್ನು ಒಬ್ಬ ಅಜ್ಜಿಯ ಮನೆಯಲ್ಲೇ ಉಳಿಸಿದರು. ಅಜ್ಜಿಗೆ ಎರಡು ಹಸು, ಒಂದು ಜೋರು ಬಾಯಿ.

ದಿನಾ ಏಳು ಗಂಟೆಗೆ ಮನೆ ಮನೆ ಸುತ್ತುತ್ತಿದ್ದೆ. ಬರೀ ಹೊಟ್ಟೆಯಲ್ಲಿದ್ದರೆ ಮಾತ್ರ ಬೆರಳು ಚುಚ್ಚಬೇಕು. "ಹೊಟ್ಟೆಗೆ ಏನಾದರೂ ಬಿದ್ದಿದೆಯಾ?" ಎಂದು ಕೇಳುವೆ. "ಇಲ್ಲ ಕಣವ್ವ, ಬರೀ ಒಟ್ಟೇಲಿವ್ನಿ" ಎನ್ನುವರು. ಚುಚ್ಚಿದರೆ ಸಕ್ಕರೆ ಜಾಸ್ತಿ. ಪಕ್ಕದ ಮನೆಯಲ್ಲೂ ಜಾಸ್ತಿ. ಮೂರು ವಾರದಲ್ಲಿ ಅರ್ಧ ಊರಿಗೇ ಸಕ್ಕರೆ ಕಾಯಿಲೆ ಎಂದು ನನ್ನ ನೋಟ್‌ಬುಕ್ ಹೇಳಿತು. ಬೇಸರವಾಗಬೇಕಿತ್ತಲ್ಲವೇ? ನನಗೆ ಕೋಡು ಮೂಡಿತು. ದೆಹಲಿಯ ಯಾವುದೋ ವೇದಿಕೆಯ ಮೇಲೆ ನಿಂತು ಭಾಷಣ ಮಾಡುವ ಕನಸನ್ನೂ ಕಂಡೆ. ಸಿಹಿ ಬಿಡಿ, ಅನ್ನ ಕಮ್ಮಿ ಮಾಡಿ, ಆಸ್ಪತ್ರೆಗೆ ಹೋಗಿ ಎಂದು ಎಲ್ಲರಿಗೂ ಉಪದೇಶ ಮಾಡಿದೆ. ಒಬ್ಬರ ಮನೆಯಲ್ಲಿ ಮಗಳ ಸೀಮಂತದ ಪಾಯಸವೇ ನಿಂತುಹೋಯಿತು. ಅಜ್ಜಿಯೂ ನನ್ನ ಪಟ್ಟಿಯಲ್ಲಿದ್ದರು.

ನಮ್ಮ ಪ್ರೊಫೆಸರು ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದರು. ನೋಟ್‌ಬುಕ್ ತಿರುವಿ, "ಏನಮ್ಮಾ, ಇದು ಊರೋ ಮಿಠಾಯಿ ಅಂಗಡಿಯೋ? ಎಲ್ಲಿ, ನನ್ನ ಎದುರಿಗೆ ಒಬ್ಬರಿಗೆ ಮಾಡು" ಎಂದರು. ಜಗಲಿಯ ಮೇಲಿದ್ದ ಅಜ್ಜಿಯನ್ನು ಕೇಳಿದೆ.

"ಅಜ್ಜೀ, ಹೊಟ್ಟೆಗೆ ಏನಾದರೂ ಬಿದ್ದಿದೆಯಾ?"

"ಇಲ್ಲ ಕಣವ್ವ."

ಹಾಗೆನ್ನುವಾಗ ಅವರ ಕೈಯಲ್ಲಿ ಅರ್ಧ ಕುಡಿದ ಟೀ ಲೋಟವಿತ್ತು. ಇನ್ನೊಂದು ಲೋಟ ನನ್ನ ಕೈಯಲ್ಲೇ ಇತ್ತು! ಮೂರು ವಾರವೂ ಪ್ರತಿ ಮನೆಯಲ್ಲೂ ನನಗೊಂದು ಲೋಟ ಕೊಟ್ಟು ಜೊತೆಗೆ ತಾವೂ ಕುಡಿದಿದ್ದರು. ನಾನು ಹೋಗುವ ಮೊದಲೇ ಒಂದು ಸುತ್ತು ಮುಗಿದಿರುತ್ತಿತ್ತು. ಪಾನಕದಂಥ ಟೀ ಬೇರೆ.

"ಟೀ ಕುಡಿದಿದ್ದೀರಲ್ಲಮ್ಮ?" ಎಂದರು ಪ್ರೊಫೆಸರು.

"ಟೀ ಕುಡುದ್ರೆ ಒಟ್ಟೆಗ್ ಬಿದ್ದಂಗಾ ಸಾ? ಅದು ಬಾಯ್ ತೊಳ್ದಂಗೆ."

ನನ್ನ ಮುಖ ಹುಳ್ಳಗಾಯಿತು. ಪ್ರೊಫೆಸರು ಬೈಯಲಿಲ್ಲ. "ಹೆದರಿಸಿದವಳು ನೀನು. ನಿಜವಾಗಿ ಯಾರಿಗಿದೆ ಎಂದು ನೀನೇ ಕಂಡುಹಿಡಿದು ಹೇಳಬೇಕು" ಎಂದು ಹೇಳಿ ಹೋದರು. ಆ ರಾಶಿಯಲ್ಲಿ ನಿಜವಾದ ರೋಗಿಯೂ ಇರಬಹುದಲ್ಲ ಎನ್ನುವುದು ನನಗೆ ಹೊಳೆದದ್ದೇ ಆಗ.

ಆದರೆ ಟೀ ಕುಡಿಯದ ಜನ ಆ ಊರಲ್ಲಿ ಸಿಗುವುದೆಲ್ಲಿ? ದಾರಿ ತೋರಿಸಿದ್ದು ಅಜ್ಜಿಯೇ. "ಡೈರಿಗೆ ಆಲ್ ಆಕೋ ಗಂಟ ಯಾರ್ ಮನೇಲೂ ಟೀ ಕಾಯ್ಸಲ್ಲ ಕಣವ್ವ. ಅಳೆದು ಮಿಕ್ಕಿದ್ರೆ ತಾನೆ ನಮ್ಗೆ? ಅಲ್ಲೇ ಎಲ್ರುನೂ ಇಡ್ಕೊ."

ಮಾರನೆಯ ದಿನ ಆರು ಗಂಟೆಗೆ ಡೈರಿಯಲ್ಲಿ ಬೆಂಚು ಹಾಕಿಕೊಂಡು ಕೂತೆ. ಸೆಕ್ರೆಟರಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುವುದು, ನಾನು ಬೆರಳು ಚುಚ್ಚುವುದು. "ನೀರ್ ಬೆರಸಿದ್ರೆ ನಾ ಇಡೀತೀನಿ, ಸಕ್ಕರೆ ಬೆರಸಿದ್ರೆ ಡಾಕ್ಟ್ರವ್ವ ಇಡೀತರೆ, ಬನ್ರಪ್ಪಾ" ಎಂದು ಅವನು ಕೂಗುತ್ತಿದ್ದ. ಸಂಕೋಚಪಟ್ಟುಕೊಂಡೇ ಒಬ್ಬೊಬ್ಬರಿಗೂ ನನ್ನ ತಪ್ಪು ಹೇಳಿ ಮತ್ತೆ ಚುಚ್ಚಿದೆ. ಹೆಚ್ಚಿನವರಿಗೆ ಏನೂ ಇರಲಿಲ್ಲ. ಸೀಮಂತದ ಮನೆಯಾಕೆ, "ಆ ಪಾಯ್ಸ ಈಗ ನೀನೇ ಮಾಡ್ಕೊಡು" ಎಂದು ಗದರಿಸಿದಾಗ ಇಡೀ ಸಾಲು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾಲ್ಕನೆಯ ದಿನ ಅಜ್ಜಿಯ ಸರದಿ ಬಂತು. ನೂರರ ಆಸುಪಾಸಿನಲ್ಲಿರಬೇಕಾದ ಸಕ್ಕರೆ ಇನ್ನೂರು ದಾಟಿತ್ತು. ಬೇರೆ ಬೆರಳು ಚುಚ್ಚಿದೆ. ಮತ್ತೂ ಅಷ್ಟೇ ಬಂತು.

ನನಗೆ ಅಳುವೇ ಬಂತು. ಅಜ್ಜಿ ಮಾತ್ರ, "ನೋಡ್ದಾ, ಟೀ ಕುಡೀದೇನೇ ಇಷ್ಟಾಯ್ತು ಅಂದ್ಮೇಲೆ ಟೀದೇನೂ ತಪ್ಪಿಲ್ಲ" ಎಂದು ಕ್ಯಾನ್ ಎತ್ತಿಕೊಂಡು ನಡೆದರು. ಆಸ್ಪತ್ರೆಗೆ ಹೋಗೋಣವೆಂದರೆ ಹಸು, ಹುಲ್ಲು, ಸಗಣಿ ಎಂದು ನೂರು ನೆಪ ಹೇಳಿದರು. ಊರಿಗೆಲ್ಲ ಸುಳ್ಳು ಹೆದರಿಕೆ ಹುಟ್ಟಿಸಿದವಳ ಮಾತನ್ನು ಈಗ ಯಾಕಾದರೂ ನಂಬಬೇಕು ಎಂದು ಆ ದಿನವೆಲ್ಲ ನನ್ನನ್ನೇ ಬೈದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಿ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಬಾ, ಬಸ್ ಓಯ್ತದೆ" ಎಂದರು. ನಂಜನಗೂಡಿನ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆಯೇ ಎಂದು ಖಚಿತಪಡಿಸಿ, "ಕಾಲು ಕೊಳೆಯೋವರೆಗೂ ಯಾರೂ ಬರಲ್ಲ. ನೀವೇನಜ್ಜಿ, ಇಷ್ಟು ಬೇಗ ಬಂದ್ರಿ?" ಎಂದು ಕೇಳಿದರು.

ಅಜ್ಜಿ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದರು.

"ಈ ಎಣ್ಮಗ ಒಂದ್ಸಲ ತಪ್ಪೇಳ್ತು ಸಾ. ಆಮೇಲೆ ಡೈರೀಲಿ ಊರ್ ಮುಂದೆ ನಿಂತ್ಕಂಡು ನಂದೇ ತಪ್ಪು ಅಂತ ಒಪ್ಕತ್ತು. ಅದ್ಕೇ ಬಂದೆ."